ಹೊಲಗದ್ದೆಗಳ ನಡುವಿನ ಪ್ರೇಮಕಥೆ ಮತ್ತು ಅದರ ನಗರವಾಸಿ ಓದುಗರು

ಒಕ್ಕಲುತನದ ಬದುಕನ್ನು ಹಿನ್ನೆಲೆಯಾಗಿಟ್ಟುಕೊಂಡ ಪ್ರೇಮಕಾದಂಬರಿಗೆ ಕನ್ನಡದಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ವಿಮರ್ಶಕರು ಅದನ್ನು ಕೆಲವೊಮ್ಮೆ ಗ್ರಾಮೀಣ ಕಾದಂಬರಿಯೆಂದೂ ಕೆಲವೊಮ್ಮೆ ಪ್ರಾದೇಶಿಕ ಕಾದಂಬರಿಯೆಂದೂ ಕರೆದಿದ್ದಾರೆ. ಓದುಗರಿಗೆ, ಅದರಲ್ಲೂ ನಮ್ಮ ಮನೆಗಳ ಗೃಹಿಣಿಯರಿಗೆ, ಅದು ಬರಿಯ ‘ಸಾಂಸಾರಿಕ ಕಾದಂಬರಿ’. ಹೆಸರು ಏನೇ ಇರಲಿ, ಅಡಿಕೆ ತೋಟ, ಭತ್ತದ ಗದ್ದೆ, ಕಾಫಿ ತೋಟ ಅಥವಾ ಜೋಳದ ಹೊಲದ ನಡುವೆ ಒಂದು ಹೆಣ್ಣು ಒಂದು ಗಂಡು ಪರಸ್ಪರ ಮೆಚ್ಚುವುದು, ಮೆಚ್ಚಿದ ಮೇಲೆ ಮನೆತನ, ಜಾತಿ, ಆಸ್ತಿಗಳು ಅಡ್ಡ ಬರುವುದು, ಕೊನೆಗೆ ಮದುವೆಯೋ ಸಾವೋ ಸಂಭವಿಸುವುದು: ಈ ಬಗೆಯ ಕಥೆಗೆ ಕನ್ನಡದಲ್ಲಿ ಸುಮಾರು 90 ವರ್ಷಗಳಿಂದ ಓದುಗರ ಕೊರತೆ ಉಂಟಾಗಿಲ್ಲ. ಹಾಗೆ ಓದಿದವರಲ್ಲಿ ಬಹುದೊಡ್ಡ ಪಾಲು ನೇಗಿಲು ಹಿಡಿದವರದಲ್ಲ, ನೇಗಿಲನ್ನು ಬಿಟ್ಟು ಬಂದವರದು. ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮಂಥವರನ್ನು ಈ ಮಾತಿಗೆ ಉದಾಹರಣೆಯಾಗಿ ಕೊಡಬಹುದು.

ಕಾದಂಬರಿಗೆ ಮುಂಚೆಯೂ ಈ ವಸ್ತು ನಮ್ಮಲ್ಲಿತ್ತು. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಪರಿಸರದಲ್ಲಿ ನಡೆದ ಪ್ರಣಯ ಮತ್ತು ಕೊಲೆಯ ಪ್ರಸಂಗವನ್ನು ಆಧರಿಸಿದ್ದು. ಸುಗ್ಗಿಯಾದ ಮೇಲೆ ಊರ ನಡುವೆ ಇಂಥ ಆಟಗಳನ್ನು ರಾತ್ರಿಯಿಡೀ ನೋಡಿದ ಜನರ ಮಕ್ಕಳೇ ಮುಂದೆ ಅಕ್ಷರ ಕಲಿತು ಕಾದಂಬರಿಯ ಓದುಗರಾದರು. ಮುದ್ರಿತ ಗದ್ಯದಲ್ಲಿ ಈ ವಸ್ತುವಿಗೆ ಗಂಭೀರವಾದ ಸ್ಥಾನ ದೊರೆತದ್ದು 1936ರಲ್ಲಿ ಪ್ರಕಟವಾದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಿಂದ ಎನ್ನಬಹುದು. ಮಲೆನಾಡಿನ ಒಂದು ದೊಡ್ಡ ಒಕ್ಕಲು ಮನೆ, ಅದರ ಯಜಮಾನ ಚಂದ್ರಯ್ಯಗೌಡರು, ಓದಿ ಬಂದ ಹೂವಯ್ಯ, ಅವನನ್ನು ಮನಸಾರೆ ಬಯಸಿದ ಮುತ್ತಳ್ಳಿಯ ಸೀತೆ. ಪ್ರೇಮವು ಇಲ್ಲಿ ಮನೆ ಪಾಲಾಗುವ ಕಥೆಯೊಡನೆ ಹೆಣೆದುಕೊಂಡಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗದು.

1967ರ ‘ಮಲೆಗಳಲ್ಲಿ ಮದುಮಗಳು’ ಇನ್ನೂ ಮುಂದೆ ಹೋಯಿತು. ಅದರಲ್ಲಿ ಪ್ರೇಮಿಗಳ ಜೋಡಿ ಒಂದಲ್ಲ. ಹೆಗ್ಗಡೆ ಮನೆತನಗಳಿಗೆ ಸೇರಿದ ಮುಕುಂದಯ್ಯ ಮತ್ತು ಚಿನ್ನಮ್ಮ ಇದ್ದಾರೆ. ಜೀತದಾಳು ನಾಯಿಗುತ್ತಿ ಮತ್ತು ತಿಮ್ಮಿ ಇದ್ದಾರೆ. ಘಟ್ಟದ ಕೆಳಗಿನಿಂದ ಕೂಲಿಗೆ ಬಂದ ಐತ ಮತ್ತು ಪೀಂಚಲು ಇದ್ದಾರೆ. ಒಡೆಯನ ಮಗಳ ಪ್ರೇಮಕ್ಕೂ ಜೀತದಾಳಿನ ಪ್ರೇಮಕ್ಕೂ ಒಂದೇ ತೂಕ ಕೊಟ್ಟದ್ದು ಆ ಕಾದಂಬರಿಯ ಹೆಚ್ಚುಗಾರಿಕೆ. ಸುಮಾರು 700 ಪುಟಗಳ ಈ ಗ್ರಂಥವನ್ನು ಎಲ್ಲರೂ ಓದಿ ಮುಗಿಸುತ್ತಾರೆಂದು ನಾವು ಹೇಳಲಾರೆವು. ಆದರೆ ತಿಮ್ಮಿಯನ್ನು ಹಾರಿಸಿಕೊಂಡು ಹೊರಟ ಗುತ್ತಿಯ ಕಥೆಯನ್ನು ಓದದವರೂ ಬಲ್ಲರು. 2010ರಿಂದೀಚೆಗೆ ರಾತ್ರಿಯಿಡೀ ನಡೆಯುವ ರಂಗಪ್ರಯೋಗವಾಗಿ ಅದು ಮತ್ತೊಂದು ತಲೆಮಾರನ್ನು ಮುಟ್ಟಿತು.

ಕರಾವಳಿಯ ಶಿವರಾಮ ಕಾರಂತರು ಪ್ರೇಮಕಥೆಗಾರರಲ್ಲ. ಅವರ ‘ಮರಳಿ ಮಣ್ಣಿಗೆ’ (1941) ಮೂರು ತಲೆಮಾರುಗಳ ಹೆಂಗಸರ ದುಡಿಮೆಯ ಕಥೆ. ಹಾಗಿದ್ದರೂ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಆ ಪುಸ್ತಕಕ್ಕೆ ಒಂದು ವಿಶೇಷ ಸಲುಗೆಯಿದೆ. ಮದರಾಸು, ಮುಂಬಯಿಗಳನ್ನು ಕಂಡು ಬಂದ ಮೊಮ್ಮಗ ರಾಮ ಕೊನೆಗೆ ಕಡಲ ತಡಿಯ ಮಣ್ಣಿಗೇ ಹಿಂತಿರುಗುವುದೇ ಅದಕ್ಕೆ ಕಾರಣವಿರಬೇಕು. ನಾವು ಮಾಡದ ಕೆಲಸವನ್ನು ಅವನು ಮಾಡಿದ್ದಾನೆ. ಅವರದೇ ‘ಬೆಟ್ಟದ ಜೀವ’ (1943)ದ ಗೋಪಾಲಯ್ಯ ಮತ್ತು ಶಂಕರಿಯರ ದಾಂಪತ್ಯವನ್ನು ಕನ್ನಡದ ಅತ್ಯುತ್ತಮ ಪ್ರೇಮಕಥೆಗಳಲ್ಲಿ ಒಂದೆಂದು ಎಣಿಸುವುದಕ್ಕೆ ನಮಗೆ ಸಂಕೋಚವಿಲ್ಲ. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು ಅಡಿಕೆ ತೋಟ ಮಾಡಿದ ಮುದುಕ, ಅವನಿಗೆ ಸರಿಸಮನಾದ ಮುದುಕಿ, ಮನೆ ಬಿಟ್ಟುಹೋದ ಮಗ ಶಂಭುವಿನ ನೆನಪು. ಊರಲ್ಲಿ ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಬಂದ ಓದುಗನು ಈ ಪುಸ್ತಕವನ್ನು ಶಂಭುವಿನ ಜಾಗದಲ್ಲಿ ನಿಂತು ಓದುತ್ತಾನೆ. ಅದು ಅಷ್ಟು ಸುಖದ ಓದಲ್ಲ.

ವಾರಪತ್ರಿಕೆಗಳ ಕಾಲ

ಜನಪ್ರಿಯತೆಯ ನಿಜವಾದ ಕಥೆ ಆರಂಭವಾಗುವುದು ಧಾರಾವಾಹಿಗಳಿಂದ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲೇ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸುವ ಪದ್ಧತಿಯನ್ನು ಹಾಕಿಕೊಟ್ಟಿತ್ತು. ‘ಪ್ರಜಾಮತ’, ‘ಕರ್ಮವೀರ’ಗಳ ನಂತರ 1965ರಲ್ಲಿ ‘ಸುಧಾ’, 1983ರಲ್ಲಿ ‘ತರಂಗ’ ಬಂದಮೇಲೆ ಕಾದಂಬರಿಯು ವಾರಕ್ಕೊಮ್ಮೆ ಕಾಯುವ ವಸ್ತುವಾಯಿತು. ಮುಂಬಯಿಗೆ ಬರುವ ವಾರಪತ್ರಿಕೆಗಳು ಮಾಟುಂಗಾದ ಅಂಗಡಿಗಳಿಂದ ಹಿಡಿದು ಉಪನಗರದ ನಿಲ್ದಾಣಗಳ ಹೊರಗಿನ ಪೇಪರಿನವರ ತನಕ ಹರಡಿಕೊಳ್ಳುತ್ತಿದ್ದವು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಶಾಖೆಗಳಲ್ಲಿ ಒಂದೇ ಪ್ರತಿ ಕ್ಯಾಶ್ ಕೌಂಟರಿನಿಂದ ಲೆಡ್ಜರಿನವರೆಗೆ, ಅಲ್ಲಿಂದ ಯಾರದೋ ಮನೆಗೆ, ಮನೆಯಿಂದ ನೆರೆಮನೆಗೆ ಹೋಗುತ್ತಿದ್ದುದನ್ನು ನಾವೇ ಕಂಡಿದ್ದೇವೆ. ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ಕುಳಿತುಕೊಳ್ಳುವ ಜಾಗ ಸಿಕ್ಕಿದರೆ ಒಂದು ಕಂತು, ನಿಂತಿದ್ದರೆ ಅರ್ಧ ಕಂತು. ವಾರಕ್ಕೆ ಇಷ್ಟಿಷ್ಟೇ ದೊರೆಯುವ ಕಥೆಯಲ್ಲಿ ಮಳೆಗಾಲ, ನಾಟಿ, ಕೊಯ್ಲುಗಳು ಒಂದೊಂದಾಗಿ ಬರುವುದರಿಂದ ಓದುಗನಿಗೆ ಊರಿನ ಋತುಮಾನದ ಲೆಕ್ಕವೂ ತಪ್ಪುತ್ತಿರಲಿಲ್ಲ.

ಈ ಅವಧಿಯ ಲೇಖಕಿಯರ ಪಾತ್ರವನ್ನು ಪ್ರತ್ಯೇಕವಾಗಿ ಹೇಳಬೇಕು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ (1917–1994) ತಮ್ಮ ಮೊದಲ ಕಾದಂಬರಿ ‘ತುಂಗಭದ್ರಾ’ವನ್ನು ಪ್ರಕಟಿಸಿದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಮಲೆನಾಡಿನ ಮನೆಗಳ ಜಗಲಿ, ಹಿತ್ತಿಲು, ಅಡಿಗೆಮನೆಗಳ ಒಳಗಿನಿಂದ ಕಥೆ ಹೇಳುವ ಅವರ ಕ್ರಮವು ಪಟ್ಟಣದ ಓದುಗರನ್ನು ತಕ್ಷಣ ಸೆಳೆಯಿತು. ಅಡಿಕೆ ಸುಲಿಯುವ ರಾತ್ರಿಗಳು ಅಲ್ಲಿ ಅಲಂಕಾರಕ್ಕಾಗಿ ಬರುವುದಿಲ್ಲ, ಜನ ಅಲ್ಲಿ ಸುಲಿಯುತ್ತಲೇ ಮಾತಾಡುತ್ತಾರೆ.

ತ್ರಿವೇಣಿ (1928–1963) ಅವರ ‘ಬೆಳ್ಳಿಮೋಡ’ ಈ ಪ್ರಕಾರದ ಮರ್ಮವನ್ನು ಬಲ್ಲ ಕೃತಿ. ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು ಇಂದಿರೆಯನ್ನು ಮೋಹನನಿಗೆ ಕೊಡುವುದೆಂದು ಮಾತಾಗಿದೆ. ಭಾವೀ ಮಾವನ ಹಣದಲ್ಲೇ ಮೋಹನ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಯ ತಾಯಿಗೆ ಗಂಡುಮಗು ಹುಟ್ಟುತ್ತದೆ. ತೋಟಕ್ಕೆ ವಾರಸುದಾರ ಬಂದ. ಮೋಹನನ ಪ್ರೀತಿ ಆರಿಹೋಯಿತು. ಮುಂದೆ ಅವನು ಮನಸ್ಸು ಬದಲಿಸಿ ಬಂದಾಗ ಇಂದಿರೆ ಒಲ್ಲೆನೆನ್ನುತ್ತಾಳೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ತೆರೆಗೆ ತಂದಾಗ ಜನ ಕಣ್ಣೀರು ಸುರಿಸಿದರು, ಸರಿ. ಆದರೆ ಕಥೆಯ ತಿರುಳು ಕಣ್ಣೀರಲ್ಲ, ಆಸ್ತಿಯ ಉತ್ತರಾಧಿಕಾರ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂದಿದೆ. ಇಂದಿನ ಓದುಗಿ ಅದನ್ನು ನೆನಪಿಟ್ಟುಕೊಂಡು ಓದಿದರೆ ಮೋಹನನ ಲೆಕ್ಕಾಚಾರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಬಯಲುಸೀಮೆಯ ಕಡೆ ಕೃಷ್ಣಮೂರ್ತಿ ಪುರಾಣಿಕರು ಬರೆದ ಮನೆತನದ ಕಥೆಗಳೂ ಗಡಿಭಾಗದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವೂ ಉತ್ತರ ಕರ್ನಾಟಕದಿಂದ ಬಂದ ನಮ್ಮ ಕುಟುಂಬಗಳ ಆಸ್ತಿ. ಇವುಗಳ ಹೆಸರು ಇಂದಿನ ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಪತ್ತೇದಾರಿ ಕಥೆಗಳಿಗೆ ಹೆಸರಾದ ಟಿ.ಕೆ. ರಾಮರಾವ್ ಅವರ ಕಾದಂಬರಿಯಾಧಾರಿತ ‘ಬಂಗಾರದ ಮನುಷ್ಯ’ (1972) ಮಾತ್ರ ಯಾರಿಗೂ ಮರೆತಿಲ್ಲ. ಸಿದ್ದಲಿಂಗಯ್ಯನವರ ನಿರ್ದೇಶನದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿತು. ಓದಿದ ತರುಣರು ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ನಮ್ಮ ಪರಿಚಯದ ವಲಯದಲ್ಲಂತೂ ಚಿತ್ರ ನೋಡಿದವರು ಸೋಮವಾರ ಎಂದಿನಂತೆ ಕಚೇರಿಗೆ ಹೋದರು.

ಮರಳದವರ ಓದು

ಮರಳಲಾಗದವರು ಯಾಕೆ ಮರಳುವ ಕಥೆಗಳನ್ನು ಇಷ್ಟೊಂದು ಓದಿದರು? ಹಳ್ಳಿಯ ನೆನಪು, ತೌರಿನ ಮೋಹ ಎಂಬುದು ಸುಲಭದ ಉತ್ತರ. ಅದರ ಹಿಂದೆ ಜಮೀನಿನ ಒಂದು ಇತಿಹಾಸವೂ ಇದೆ.

1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತು. ದೇವರಾಜ ಅರಸರ ಕಾಲದ ಈ ಕಾನೂನನ್ನು ಕರಾವಳಿಯ ಜನ ಈಗಲೂ ‘ಭೂಮಸೂದೆ’ ಎಂದೇ ಕರೆಯುತ್ತಾರೆ. ಮೂಲಗೇಣಿ, ಚಾಲಗೇಣಿಗಳಲ್ಲಿದ್ದ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ತಾವು ಉಳುವ ನೆಲದ ಒಡೆಯರಾದರು. ಮುಂಬಯಿಯ ಕನ್ನಡಿಗರಲ್ಲಿ ಈ ಎರಡೂ ಕಡೆಯವರು ಇದ್ದಾರೆ. ಗೇಣಿಯ ಅಕ್ಕಿ ನಿಂತುಹೋಗಿ ಮಕ್ಕಳನ್ನು ನೌಕರಿಗೆ ಕಳಿಸಿದ ಮನೆಗಳಿವೆ. ಹೋಟೆಲಿನಲ್ಲಿ ದುಡಿದ ಹಣವನ್ನು ಊರಿಗೆ ಕಳಿಸಿ, ಹೊಸದಾಗಿ ದೊರೆತ ಗದ್ದೆಗೆ ಬಾವಿ ತೋಡಿಸಿದ ಮನೆಗಳೂ ಇವೆ. ಒಂದೇ ಸೊಸೈಟಿಯ ಒಂದೇ ಮಹಡಿಯಲ್ಲಿ, ಎದುರುಬದುರು ಬಾಗಿಲುಗಳಲ್ಲಿ, ಒಂದೇ ಧಾರಾವಾಹಿಯನ್ನು ಈ ಇಬ್ಬರೂ ಓದಿದರು. ಒಬ್ಬರಿಗೆ ಅದು ಕಳೆದುಹೋದ ಚಾವಡಿಯ ಕಥೆ. ಇನ್ನೊಬ್ಬರಿಗೆ ತಾವು ಅಂಗಳದಲ್ಲೇ ನಿಲ್ಲಬೇಕಾಗಿದ್ದ ಚಾವಡಿಯ ಕಥೆ. ಪ್ರೇಮವೆಂಬ ವಸ್ತುವಿದ್ದುದರಿಂದ ಇಬ್ಬರಿಗೂ ಮುಜುಗರವಿಲ್ಲದೆ ಆ ಬಗ್ಗೆ ಮಾತಾಡಲು ಸಾಧ್ಯವಾಯಿತೆಂದು ನಮ್ಮ ಅನಿಸಿಕೆ. ನಾಯಕಿಗೆ ಅನ್ಯಾಯವಾಯಿತೇ ಎಂದು ಚರ್ಚಿಸಬಹುದು; ಗೇಣಿ ಯಾರಿಗೆ ಸೇರಬೇಕಿತ್ತೆಂದು ನೆರೆಮನೆಯವರೊಡನೆ ಚರ್ಚಿಸುವುದು ಕಷ್ಟ.

ಅದೇ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದವು. ಹೀಗಾಗಿ ಊರಿನ ಪಾಲನ್ನು ಬಿಟ್ಟುಕೊಟ್ಟ ನೌಕರನೊಬ್ಬ ನಿವೃತ್ತಿಯ ಹಣದಲ್ಲಿ ಎರಡು ಎಕರೆ ಕೊಂಡು ತೋಟ ಮಾಡುವೆನೆಂಬುದು ಬಹುಕಾಲ ಕಾದಂಬರಿಯಲ್ಲಷ್ಟೇ ಸಲೀಸಾಗಿ ಸಾಧ್ಯವಿದ್ದ ಮಾತು. 2020ರ ತಿದ್ದುಪಡಿಯು ಆ ನಿರ್ಬಂಧವನ್ನು ತೆಗೆದುಹಾಕಿತು. ಬಾಗಿಲು ತೆರೆಯುವ ಹೊತ್ತಿಗೆ ಬೆಲೆ ಎಲ್ಲಿಗೆ ಹೋಗಿತ್ತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮಗೆ ಜನಪ್ರಿಯ ಕಾದಂಬರಿಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ನಾಯಕನ ಹೊಲದಲ್ಲಿ ಬೆಳೆ ತಾನಾಗಿ ಬರುತ್ತದೆ. ಪಹಣಿ, ಬೆಳೆಸಾಲ, ಜಾಮೀನು, ಸುಸ್ತಿ ಬಡ್ಡಿ ಇವುಗಳ ಸುಳಿವಿಲ್ಲ. ಖಳನಾದ ಸಾಹುಕಾರನೊಬ್ಬ ಇರುತ್ತಾನೆ, ಆದರೆ ಅವನ ಕಣ್ಣು ಸಾಲದ ವಸೂಲಿಗಿಂತ ನಾಯಕಿಯ ಮೇಲೆ. 1969ರ ಬ್ಯಾಂಕ್ ರಾಷ್ಟ್ರೀಕರಣದ ನಂತರ ಹಳ್ಳಿಹಳ್ಳಿಗೆ ಶಾಖೆಗಳು ಬಂದವು. ಕಾದಂಬರಿಯ ಹಳ್ಳಿಗೆ ಮಾತ್ರ ಅವು ಬಹಳ ತಡವಾಗಿ ತಲುಪಿದವು. ಹೆಂಗಸರ ದುಡಿಮೆಯೂ ಹಾಗೆಯೇ. ಮೊಣಕಾಲುದ್ದ ಕೆಸರಿನಲ್ಲಿ ಬೆನ್ನು ಬಾಗಿಸಿ ನೇಜಿ ನೆಡುವವಳು ಮುಖಪುಟದಲ್ಲಿ ಹೂ ಮುಡಿದು ನಿಂತಿರುತ್ತಾಳೆ.

ಈ ಸುಖದ ಚಿತ್ರವನ್ನು ಒಡೆದ ಕೃತಿಗಳೂ ಕನ್ನಡದಲ್ಲೇ ಬಂದವು, ಅವೂ ಪ್ರೇಮಕಥೆಗಳೇ. ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಊರೂರು ತಿರುಗಿ ಪೇಟೆಯ ಸಾಮಾನು ಮಾರುವ ಮುಗ್ಧ ತಿಮ್ಮ ತನ್ನ ಸಂಸಾರಕ್ಕೇ ಪೇಟೆಯನ್ನು ತಂದುಕೊಳ್ಳುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕುಸಿಯುತ್ತಿರುವಾಗ ರಫಿ ಮತ್ತು ಜಯಂತಿ ಪ್ರೀತಿಸುತ್ತಾರೆ, ಊರು ಕೋಮುದ್ವೇಷಕ್ಕೆ ತಿರುಗುತ್ತದೆ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಈ ಕೃತಿಯನ್ನು ಗೌರವಿಸಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಚನ್ನ ಕೊಲೆಯಾಗುತ್ತಾನೆ. ಧಾರಾವಾಹಿಗಳಲ್ಲಿ ತಂದೆಯ ಹಟದಿಂದ ತಪ್ಪುತ್ತಿದ್ದ ಮದುವೆ ಇಲ್ಲಿ ಯಾವುದರಿಂದ ತಪ್ಪುತ್ತದೆಂಬುದನ್ನು ಮರೆಮಾಚಿಲ್ಲ.

ಮುಂಬಯಿಯಲ್ಲೇ ಕುಳಿತು ಬರೆದವರಲ್ಲಿ ಯಶವಂತ ಚಿತ್ತಾಲರನ್ನು (1928–2014) ನೆನೆಯದಿರಲಾಗದು. ಬಾಂದ್ರಾದಲ್ಲಿದ್ದುಕೊಂಡು ಅವರು ಉತ್ತರ ಕನ್ನಡದ ಹನೇಹಳ್ಳಿಯನ್ನು ಮತ್ತೆ ಮತ್ತೆ ಕಟ್ಟಿದರು. ‘ಮೂರು ದಾರಿಗಳು’ (1964) ಕಾದಂಬರಿಯ ನಿರ್ಮಲೆಯ ಹೆಸರು ಊರ ಬಾಯಿಗೆ ಬೀಳುವ ಬಗೆಯನ್ನು ಓದಿದವರಿಗೆ ಹಳ್ಳಿಯೆಂದರೆ ತಂಪು ನೆರಳು ಮಾತ್ರವಲ್ಲವೆಂಬುದು ಮನದಟ್ಟಾಗುತ್ತದೆ. ವ್ಯಾಸರಾಯ ಬಲ್ಲಾಳರು (1923–2008) ತದ್ವಿರುದ್ಧವಾಗಿ ಮಹಾನಗರವನ್ನೇ ತಮ್ಮ ನೆಲವಾಗಿಸಿಕೊಂಡರು. ನಮ್ಮ ಮನೆಗಳಲ್ಲಿ ಈ ಇಬ್ಬರ ಪುಸ್ತಕಗಳೂ ಒಂದೇ ಕಪಾಟಿನಲ್ಲಿವೆ.

ನೆರೆಯ ಭಾಷೆ, ದೂರದ ದೇಶ

ಈ ರುಚಿ ನಮ್ಮದು ಮಾತ್ರವಲ್ಲ. ಮರಾಠಿಯಲ್ಲಿ ಶ್ರೀ.ನಾ. ಪೆಂಡಸೆಯವರ ‘ಗಾರಂಬೀಚಾ ಬಾಪು’ (1952) ಕೊಂಕಣದ ಅಡಿಕೆ ತೋಟಗಳ ನಡುವೆ ಬಾಪು ಮತ್ತು ರಾಧೆಯರ ಸಂಬಂಧವನ್ನು ಹೇಳಿ ಮನೆಮಾತಾಯಿತು; ನಾಟಕವಾಗಿ, ಚಿತ್ರವಾಗಿಯೂ ಬಂದಿತು. ನಿಪ್ಪಾಣಿಯ ನೆರೆಯ ಕಾಗಲಿನ ಆನಂದ ಯಾದವರ ‘ಝೋಂಬಿ’ (1987) ಪ್ರೇಮಕಥೆಯಲ್ಲ, ಆದರೆ ಹೊಲದ ಬಾಲ್ಯದ ಕಷ್ಟವನ್ನು ಅದಕ್ಕಿಂತ ನೇರವಾಗಿ ಹೇಳಿದ ಪುಸ್ತಕಗಳು ಕಡಿಮೆ. 2016ರಲ್ಲಿ ನಾಗರಾಜ ಮಂಜುಳೆಯವರ ‘ಸೈರಾಟ್’ ಸೊಲ್ಲಾಪುರ ಜಿಲ್ಲೆಯ ಕರಮಾಳಾ ಕಡೆಯ ಬಾಳೆ, ಕಬ್ಬಿನ ನಾಡಿನ ಪ್ರೇಮವನ್ನು ತೋರಿಸಿ ಮರಾಠಿ ಚಿತ್ರೋದ್ಯಮದ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು. ಮರುವರ್ಷವೇ ಕನ್ನಡದಲ್ಲಿ ‘ಮನಸು ಮಲ್ಲಿಗೆ’ಯಾಯಿತು. ಇಂಗ್ಲೆಂಡಿನಲ್ಲಿ ಮೇರಿ ವೆಬ್ ಅವರ ‘ಪ್ರೆಶಸ್ ಬೇನ್’ (1924) ಲೇಖಕಿಯ ಮರಣಾನಂತರ ಪ್ರಧಾನಿ ಬಾಲ್ಡ್‌ವಿನ್ ಮೆಚ್ಚಿದ ಮೇಲೆ ಭರದಿಂದ ಮಾರಾಟವಾಯಿತು. 1932ರಲ್ಲಿ ಸ್ಟೆಲ್ಲಾ ಗಿಬ್ಬನ್ಸ್ ‘ಕೋಲ್ಡ್ ಕಂಫರ್ಟ್ ಫಾರ್ಮ್’ ಬರೆದು ಈ ಇಡೀ ಪ್ರಕಾರವನ್ನೇ ಗೇಲಿ ಮಾಡಿದರು. ಅಮೆರಿಕದಲ್ಲಿ ಬೆವರ್ಲಿ ಲೂಯಿಸರ ‘ದಿ ಶನ್ನಿಂಗ್’ (1997) ನಂತರ ಆಮಿಶ್ ರೈತರ ಪ್ರೇಮಕಥೆಗಳು ರಾಶಿರಾಶಿಯಾಗಿ ಬಂದವು. ಓದುವವರು ಬಹುತೇಕ ಆಮಿಶರಲ್ಲ. ಎಲ್ಲೆಡೆಯೂ ಹೊಲದ ಪ್ರೇಮವನ್ನು ಕೊಳ್ಳುವವನು ಹೊಲದಿಂದ ದೂರವಿರುವವನೇ.

ಇಲ್ಲಿ ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ನಾವು ಮಲೆನಾಡಿನ ಗದ್ದೆಗಳ ಕಥೆ ಓದುತ್ತ ಕುಳಿತಿರುವ ಕಟ್ಟಡಗಳೂ ಗದ್ದೆಗಳ ಮೇಲೆಯೇ ನಿಂತಿವೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ನವಿ ಮುಂಬಯಿಗಾಗಿ ವಶಪಡಿಸಿಕೊಂಡದ್ದು 95 ಗ್ರಾಮಗಳ ನೆಲ. ಅಲ್ಲಿ ಭತ್ತ ಬೆಳೆಯುತ್ತಿದ್ದವರು, ಉಪ್ಪು ತೆಗೆಯುತ್ತಿದ್ದವರು ಬಹುಮಟ್ಟಿಗೆ ಆಗ್ರಿ ಮತ್ತು ಕೋಳಿ ಜನ. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ನೇತೃತ್ವದ ಹೋರಾಟದಲ್ಲಿ, ಉರಣ ತಾಲೂಕಿನ ಜಾಸಯಿ ಪರಿಸರದಲ್ಲಿ, ಗೋಲಿಬಾರಿಗೆ ಐವರು ರೈತರು ಬಲಿಯಾದರು. ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ನೆಲದ ಶೇಕಡಾ 12.5ರಷ್ಟನ್ನು ಮರಳಿ ಕೊಡುವ ಯೋಜನೆ ಬಂದದ್ದು ಆ ಬಲಿದಾನದ ಫಲವಾಗಿ. ಆಗ್ರಿಗಳ ಮದುವೆಗಳಲ್ಲಿ ಧವಳಾರೀಣ ಎಂಬ ಹಿರಿಯ ಹೆಂಗಸರು ಹಾಡುವ ‘ಧವಳೆ’ಗಳಲ್ಲಿ ಈ ನೆಲದ ಹೆಣ್ಣುಗಂಡುಗಳ ಕಥೆ ಉಳಿದಿದೆ. ವಾಶಿ, ನೆರೂಳ, ಡೊಂಬಿವಲಿಗಳಲ್ಲಿ ದಶಕಗಳಿಂದ ಇರುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಕೇಳಿದ್ದೇವೆ? ನಮ್ಮ ಸಂಘಗಳ ಜಾನಪದ ಕಾರ್ಯಕ್ರಮಗಳಿಗೆ ಅವರನ್ನು ಒಮ್ಮೆ ಕರೆಯುವುದು ಕಷ್ಟದ ಕೆಲಸವೇನಲ್ಲ.

ಇಂದಿನ ಸ್ಥಿತಿಯೆಂದರೆ, ಕಾದಂಬರಿಯ ಧಾರಾವಾಹಿಗಾಗಿ ಕಾಯುವ ಮನೆಗಳು ತೀರ ವಿರಳವಾಗಿವೆ. ಆ ಕಥೆಗಳ ಮೊದಲ ಓದುಗರಿಗೆ ಈಗ ಎಪ್ಪತ್ತು, ಎಂಬತ್ತು. ಅವರು ತೀರಿಕೊಂಡಾಗ ಅಥವಾ ಮನೆ ಬದಲಿಸಿದಾಗ, ಬೈಂಡ್ ಹಾಕಿಸಿಟ್ಟ ಕಂತುಗಳು ರದ್ದಿಗೆ ಹೋಗುತ್ತಿವೆ. ಅದೇ ಮನೆಗಳಲ್ಲಿ ಊರಿನ ಪಾಲನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಮಾತುಕತೆಯೂ ನಡೆಯುತ್ತಿದೆ. ಆ ನೆಲವನ್ನು ರಜೆಯಲ್ಲಿ ಮಾತ್ರ ಕಂಡ ಮಕ್ಕಳು ಅದರಲ್ಲಿ ಮಾತಾಡಬೇಕಾಗಿದೆ. ಗ್ರಂಥಗಳ ವಿಷಯದಲ್ಲಿ ನೆರೆಯ ಮರಾಠಿಗರಿಂದ ಕಲಿಯುವುದಿದೆ: ಕಲ್ಯಾಣದ ಸಾರ್ವಜನಿಕ ವಾಚನಾಲಯ 1864ರಷ್ಟು ಹಳೆಯದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು. ಕನ್ನಡ ಸಂಘಗಳ ಕಪಾಟುಗಳಿಗೆ ಹಳೆಯ ಸಂಪುಟಗಳನ್ನು ಕೊಡಬಯಸುವವರು ರದ್ದಿಯವನನ್ನು ಕರೆಯುವ ಮುನ್ನ ಪದಾಧಿಕಾರಿಗಳನ್ನು ವಿಚಾರಿಸುವುದು ಒಳ್ಳೆಯದು.

ಕನ್ನಡ ಓದಲು ಬಾರದ ಮಕ್ಕಳಿರುವ ಮನೆಗಳಿಗೆ ಇಂಗ್ಲಿಷ್ ಅನುವಾದಗಳಿವೆ. ‘ಮಲೆಗಳಲ್ಲಿ ಮದುಮಗಳು’ ವನಮಾಲಾ ವಿಶ್ವನಾಥರ ಅನುವಾದದಲ್ಲಿ ‘ಬ್ರೈಡ್ ಇನ್ ದಿ ಹಿಲ್ಸ್’ ಎಂಬ ಹೆಸರಿನಿಂದ 2024ರಲ್ಲಿ ಪೆಂಗ್ವಿನ್ ಮೂಲಕ ಪ್ರಕಟವಾಗಿದೆ. ‘ಕಾನೂರು ಹೆಗ್ಗಡಿತಿ’ಯು ‘ದಿ ಹೌಸ್ ಆಫ್ ಕಾನೂರು’ ಆಗಿ, ‘ಬೆಟ್ಟದ ಜೀವ’ವು ‘ಮ್ಯಾನ್ ಆಫ್ ದಿ ಹಿಲ್ಸ್’ ಆಗಿ ಬಂದಿವೆ. ಮೊದಲ ಓದಿಗೆ ನಾವು ಸೂಚಿಸುವುದು ‘ಬೆಟ್ಟದ ಜೀವ’ವನ್ನೇ. ಪುಸ್ತಕ ಚಿಕ್ಕದು, ಠಾಣೆಯಲ್ಲಿ ಮತ್ಸ್ಯಗಂಧಾ ಹತ್ತಿದವರು ಊರು ತಲುಪುವುದರೊಳಗೆ ಮುಗಿಸಬಹುದು.